300 ಡಾಲರ್ ಒಳಗಿನ 9 ಎಂಎಂ ಪಿಸ್ತೂಲು: ರೇಂಜಿಗೂ ಮನೆಗೂ ಒಂದೇ ಸಾಕಾ?

ಪ್ಲೇನೋ ಪರದೇಸಿ:
ಎಲ್ಲರಿಗೂ ನಮಸ್ಕಾರ. ಟೆಕ್ಸಸ್, ಗ್ರೀನ್ ಕಾರ್ಡ್, ಮೊದಲನೇ ಪಿಸ್ತೂಲು. ತಿಂಗಳಿಗೆ ಎರಡು ಸಲ ರೇಂಜಿಗೆ (ಗುಂಡು ಹಾರಿಸೋ ಅಭ್ಯಾಸದ ಜಾಗ), ಉಳಿದಂತೆ ಮನೆಯಲ್ಲಿ ಲಾಕ್ ಬಾಕ್ಸ್ ಒಳಗೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋ ಇರಾದೆ ಸದ್ಯಕ್ಕಿಲ್ಲ. ಬಜೆಟ್ 300 ಡಾಲರ್, ಜಗ್ಗಾಡಿದರೆ 350. ಪಟ್ಟಿಯಲ್ಲಿ ಉಳಿದಿರೋದು ಮೂರು: ಟಾರಸ್ ಜಿ3ಸಿ, ರೂಗರ್ ಸೆಕ್ಯುರಿಟಿ-9, ಸ್ಮಿತ್ ಅಂಡ್ ವೆಸನ್ ಎಸ್‌ಡಿ9. ಮೂರೂ 9 ಎಂಎಂ.

ತೂಕ, ಉದ್ದ ಎಲ್ಲಾ ಓದಿ ಆಗಿದೆ. ನನ್ನ ಪ್ರಶ್ನೆ ಬೇರೆ. ಕಡಿಮೆ ಬೆಲೆಯ ಪಿಸ್ತೂಲನ್ನ "ಇದನ್ನ ನಂಬಬಹುದು" ಅಂತ ತೀರ್ಮಾನಿಸೋದು ಹೇಗೆ? ಎಷ್ಟು ಗುಂಡು ಹಾರಿಸಬೇಕು, ಏನೇನು ಗಮನಿಸಬೇಕು?

ಬಜ್ಪೆ ಬಾಯ್:
ಗ್ಲಾಕ್ 19 ತಕೊಳ್ಳಿ ಮಾರಾಯ್ರೆ, ಕಥೆ ಮುಗೀತು.

ಪ್ಲೇನೋ ಪರದೇಸಿ:
350 ಅಂದೆ ಸರ್, 550 ಅಲ್ಲ :)

ರೇಂಜ್ ರಾಯ:
ಮೊದಲು ಮೂರನ್ನೂ ಕೈಯಲ್ಲಿ ಹಿಡಿದು ನೋಡಿ. ಬಾಡಿಗೆಗೆ ಕೊಡೋ ರೇಂಜ್ ಇದ್ದರೆ ಒಂದೊಂದರಲ್ಲೂ 50 ಗುಂಡು ಹಾರಿಸಿ, ಆಮೇಲೆ ಮಾತಾಡಿ. ಅಷ್ಟರೊಳಗೆ ಇಷ್ಟು ತಿಳಿದಿರಲಿ.

ಜಿ3ಸಿ ಚಿಕ್ಕದು. ನಳಿಗೆ 3.2 ಇಂಚು, ಖಾಲಿ ತೂಕ ಸುಮಾರು 620 ಗ್ರಾಂ, ಮ್ಯಾಗಜೀನಿಗೆ (ಹಿಡಿಯೊಳಗೆ ಕೂರೋ ಗುಂಡಿನ ಗೂಡು) 12 ಗುಂಡು. ಜೊತೆಗೆ ಮೂರು ಮ್ಯಾಗಜೀನ್ ಕೊಡ್ತಾರೆ, ಈ ಬೆಲೆಗೆ ಅದೇ ದೊಡ್ಡ ಲಾಭ. ಸೈಟು (ಗುರಿ ಹಿಡಿಯೋ ಗುರುತು) ಲೋಹದ್ದು, ಗ್ಲಾಕಿನ ಸೈಟು ಕೂರುತ್ತೆ, ಹಾಗಾಗಿ ಮುಂದೆ ಬದಲಾಯಿಸೋದು ಸುಲಭ. ಹೆಬ್ಬೆರಳ ಸೇಫ್ಟಿ ಇದೆ. ಗುಂಡು ಸಿಡಿಯದೇ ಹೋದರೆ ಟ್ರಿಗರ್ ಇನ್ನೊಮ್ಮೆ ಒತ್ತಿದರೆ ಮತ್ತೆ ಹೊಡೆಯುತ್ತೆ.

ಸೆಕ್ಯುರಿಟಿ-9ಕ್ಕೆ ನಳಿಗೆ 4 ಇಂಚು, ತೂಕ 670 ಗ್ರಾಂ, 15 ಗುಂಡು, ಎರಡು ಮ್ಯಾಗಜೀನು. ಒಳಗೆ ಹ್ಯಾಮರ್ ಇದೆ, ಹೊರಗೆ ಕಾಣಲ್ಲ. ಪ್ಲಾಸ್ಟಿಕ್ ಹಿಡಿಯ ಒಳಗೆ ಅಲ್ಯೂಮಿನಿಯಂ ಚಾಸಿ ಕೂತಿದೆ, ಸ್ಲೈಡು (ಹಿಂದೆ ಮುಂದೆ ಓಡೋ ಮೇಲಿನ ಭಾಗ) ಓಡೋದು ಅದರ ಉದ್ದದ ಹಳಿ ಮೇಲೆ. ಸ್ಲೈಡ್ ಎಳೆಯೋದು ಹಗುರ. ಕೈಯಲ್ಲಿ ಕಸುವು ಕಡಿಮೆ ಇದ್ದವರು ಮನೆಯಲ್ಲಿದ್ದರೆ ಇದೊಂದನ್ನ ಮರೀಬೇಡಿ. ಬಿಚ್ಚುವಾಗ ಒಂದು ಸಣ್ಣ ಪಿನ್ನು ಹೊರಗೆ ಬರುತ್ತೆ. ಕೆಳಗೆ ಬಟ್ಟೆ ಹಾಸಿಕೊಂಡು ಬಿಚ್ಚಿ, ಇಲ್ಲಾಂದ್ರೆ ಕಾರ್ಪೆಟ್ಟಿನ ಮೇಲೆ ತೆವಳಬೇಕಾಗುತ್ತೆ.

ಎಸ್‌ಡಿ9 ಕೂಡ 4 ಇಂಚು, 16 ಗುಂಡು. ಹಳೇ ವಿಇ ಮಾದರಿಯ ಟ್ರಿಗರ್ ಭಾರ, 8 ಪೌಂಡಿನ ಆಸುಪಾಸು. 2.0 ಅಂತ ಬಂದ ಮೇಲೆ ಟ್ರಿಗರ್ ಚಪ್ಪಟೆ ಆಗಿದೆ. ಹೆಬ್ಬೆರಳ ಸೇಫ್ಟಿ ಇಲ್ಲ.

ನೀವು ಕಟ್ಟಿಕೊಂಡು ಓಡಾಡಲ್ಲ ಅಂದಮೇಲೆ ಚಿಕ್ಕದು ಯಾಕೆ ಬೇಕು? ಚಿಕ್ಕ ಪಿಸ್ತೂಲು ಕೈಗೆ ಜಾಸ್ತಿ ಒದೆಯುತ್ತೆ, ಹಿಂದಿನ ಸೈಟಿಗೂ ಮುಂದಿನದಕ್ಕೂ ಅಂತರ ಕಡಿಮೆ, ಕಿರುಬೆರಳಿಗೆ ಜಾಗ ಸಾಲಲ್ಲ. ಹೊಸಬರು ಕಲಿಯೋದಕ್ಕೆ 4 ಇಂಚಿನದೇ ಸರಿ.

ಕಾಫಿಪುಡಿ:
ರಾಯರೇ, ಆ ಎರಡನೇ ಸಲ ಹೊಡೆಯೋ ಸೌಲಭ್ಯವನ್ನ ಗುಣ ಅಂತ ಬರೆದಿದ್ದೀರಿ. ಅದು ಜಾಹೀರಾತಿನ ಗುಣ. ಸಿಡಿಯದ ಗುಂಡನ್ನ ಇನ್ನೊಮ್ಮೆ ಕುಟ್ಟುತ್ತಾ ಕೂರೋ ಬದಲು ಮ್ಯಾಗಜೀನಿನ ತಳ ತಟ್ಟು, ಸ್ಲೈಡ್ ಎಳೆದು ಬಿಡು ಅಂತ ಕೈಗೆ ರೂಢಿ ಮಾಡಿಸಬೇಕು. ಅದೊಂದೇ ಚಲನೆ ಹತ್ತರಲ್ಲಿ ಒಂಬತ್ತು ತೊಂದರೆಗೆ ಮದ್ದು.

ರೇಂಜ್ ರಾಯ:
ರೇಂಜಿನಲ್ಲಿ ನೀವು ಹೇಳಿದ್ದೇ ಸರಿ. ಮನೆಯಲ್ಲಿ ಖಾಲಿ ಪಿಸ್ತೂಲಲ್ಲಿ ಟ್ರಿಗರ್ ಅಭ್ಯಾಸ ಮಾಡುವಾಗ ಮಾತ್ರ ಪ್ರತಿ ಸಲ ಸ್ಲೈಡ್ ಎಳೆಯೋದು ತಪ್ಪುತ್ತೆ. ಅಷ್ಟರಮಟ್ಟಿಗೆ ಉಪಯೋಗ.

ಧಾರವಾಡ ಫೇಡಾ:
ಪಿಸ್ತೂಲಿನ ರೊಕ್ಕಾ ಅಷ್ಟ ಲೆಕ್ಕಾ ಹಾಕಬ್ಯಾಡ್ರಿ. ತಿಂಗಳಿಗೆ ಎರಡು ಸಲ ಅಂದ್ರಿ. ಒಂದು ಸಲಕ್ಕ 100 ಗುಂಡು ಹಿಡೀರಿ, ವರ್ಷಕ್ಕ 2400 ಆತು. ಗುಂಡಿಗೆ 25 ಸೆಂಟ್ ಅಂದ್ರ 600 ಡಾಲರ್. ಅಂದ್ರ ಪಿಸ್ತೂಲಿನ ಎರಡು ಪಟ್ಟು. ಅದರ ಮ್ಯಾಲೆ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಲಾಕ್ ಬಾಕ್ಸ್, ಒಂದು ದಿನದ ಕ್ಲಾಸು, ರೇಂಜಿನ ಫೀಸು. 280ರದ್ದು ತಗೋಬೇಕೋ 340ರದ್ದೋ ಅಂತ ತಿಂಗಳುಗಟ್ಟಲೆ ತಲಿ ಕೆಡಿಸಿಕೊಳ್ಳೂದು ಅಂದ್ರ ಎತ್ತಿನ ರೇಟಿಗೆ ಜಗಳಾಡಿ ಮೇವಿನ ಲೆಕ್ಕಾ ಮರೆತಂಗ.

ಪ್ಲೇನೋ ಪರದೇಸಿ:
ಈ ಲೆಕ್ಕ ಹಾಕಿರಲಿಲ್ಲ. ಸರಿ, ತಗೊಂಡ ಮೇಲೆ ಪರೀಕ್ಷೆ ಹೇಗೆ? ಯೂಟ್ಯೂಬಿನಲ್ಲಿ ಎಲ್ಲರೂ "200 ಗುಂಡು" ಅಂತಾರೆ.

ಗಣಿತದ ಮೇಷ್ಟ್ರು:
200 ಎಲ್ಲಿಂದ ಬಂತು ಅಂತ ಯಾರೂ ಹೇಳಲ್ಲ, ಬಾಯಿಂದ ಬಾಯಿಗೆ ಬಂದ ಅಂಕಿ. ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಸೂತ್ರ ಇದೆ. n ಸಲ ಪರೀಕ್ಷೆ ಮಾಡಿ ಒಂದೂ ಸಲ ಕೈಕೊಡದಿದ್ದರೆ, ನಿಜವಾದ ವೈಫಲ್ಯದ ದರ 3/n ಗಿಂತ ಕಡಿಮೆ ಅಂತ 95% ವಿಶ್ವಾಸದಲ್ಲಿ ಹೇಳಬಹುದು. 200 ಗುಂಡಿಗೆ ಅದು 1.5%. ಅಂದರೆ 67 ಗುಂಡಿಗೊಮ್ಮೆ ಕೈಕೊಡೋ ಪಿಸ್ತೂಲು ಕೂಡ ಅದೃಷ್ಟ ಚೆನ್ನಾಗಿದ್ದರೆ ಈ ಪರೀಕ್ಷೆ ಪಾಸಾಗಬಹುದು. 500ಕ್ಕೆ 0.6%, 1000ಕ್ಕೆ 0.3%.

ಧಾರವಾಡ ಫೇಡಾ:
ಮೇಷ್ಟ್ರ, 1000 ಗುಂಡು ಅಂದ್ರ 250 ಡಾಲರ್. ಪರೀಕ್ಷಾ ಮುಗಿಯೂದ್ರಾಗ ಇನ್ನೊಂದು ಪಿಸ್ತೂಲು ಬರತದ.

ಗಣಿತದ ಮೇಷ್ಟ್ರು:
ಹೇಗಿದ್ದರೂ ರೇಂಜಿನಲ್ಲಿ ಹಾರಿಸೋ ಗುಂಡೇ ತಾನೇ? ಬರೆದಿಟ್ಟುಕೊಂಡರೆ ಪರೀಕ್ಷೆ, ಬರೆದಿಡದಿದ್ದರೆ ಬರೀ ಸದ್ದು.

ಕಾಫಿಪುಡಿ:
ಮೇಷ್ಟ್ರ ಸೂತ್ರದಲ್ಲಿ ಒಂದು ತೂತು ಇದೆ. ಪ್ರತಿ ಗುಂಡೂ ಸ್ವತಂತ್ರ ಪರೀಕ್ಷೆ ಆಗಿದ್ದರೆ ಮಾತ್ರ ಅದು ನಿಲ್ಲೋದು. ಪಿಸ್ತೂಲಿನಲ್ಲಿ ಹಾಗಿರಲ್ಲ. ಒಂದು ಮ್ಯಾಗಜೀನಿನ ಸ್ಪ್ರಿಂಗ್ ಸೋತಿದ್ದರೆ ತೊಂದರೆ ಎಲ್ಲಾ ಅದರಲ್ಲೇ ಬರುತ್ತೆ. ಕೊಳೆ ಕೂತ ಮೇಲೆ ಬರೋ ತೊಂದರೆ ಮೊದಲ 150 ಗುಂಡಲ್ಲಿ ಕಾಣೋದೇ ಇಲ್ಲ. ಆದ್ದರಿಂದ "ಈ ಪಿಸ್ತೂಲು ಚೆನ್ನಾಗಿದೆ" ಅನ್ನೋ ಮಾತಿಗೆ ಅರ್ಥ ಇಲ್ಲ. ಈ ಪಿಸ್ತೂಲು, ಈ ಮ್ಯಾಗಜೀನು, ಈ ಗುಂಡು, ಈ ಕೈ. ನಾಲ್ಕೂ ಸೇರಿದ ಸೆಟ್ ಚೆನ್ನಾಗಿದೆಯಾ ಅಂತ ಕೇಳಬೇಕು.

ಗಣಿತದ ಮೇಷ್ಟ್ರು:
ಒಪ್ಪಿದೆ. ಹಾಗಾದರೆ ಮ್ಯಾಗಜೀನಿಗೊಂದು ಕಾಲಂ ಹಾಕಿ ಬರೆದಿಡಲಿ.

ರೇಂಜ್ ರಾಯ:
ನಾನು ಹೊಸಬರಿಗೆ ಹೇಳೋ ಕ್ರಮ ಇದು.

ಹಾರಿಸೋ ಮೊದಲು ಬಿಚ್ಚಿ ಒರೆಸಿ. ಹೊಸ ಪಿಸ್ತೂಲಿಗೆ ಕಾರ್ಖಾನೆಯಲ್ಲಿ ಬಳಿದಿರೋದು ತುಕ್ಕು ಹಿಡಿಯದಿರಲಿ ಅನ್ನೋ ಎಣ್ಣೆ. ಅದನ್ನ ಗ್ರೀಸು ಅಂದ್ಕೊಂಡು ಹಾಗೇ ರೇಂಜಿಗೆ ಹೋಗ್ತಾರೆ. ಬಿಚ್ಚೋ ಮೊದಲು ಮ್ಯಾಗಜೀನ್ ತೆಗೀರಿ, ಆಮೇಲೆ ಸ್ಲೈಡ್ ಎಳೆದು ಚೇಂಬರ್ (ನಳಿಗೆಯಲ್ಲಿ ಗುಂಡು ಕೂರೋ ಜಾಗ) ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಈ ಅನುಕ್ರಮ ಹಿಂದುಮುಂದಾದರೆ ಚೇಂಬರಿನಿಂದ ಒಂದು ಗುಂಡು ಹೊರಗೆ ಬಿದ್ದು ಮ್ಯಾಗಜೀನಿಂದ ಇನ್ನೊಂದು ಒಳಗೆ ಕೂತಿರುತ್ತೆ. ಕೆಲವು ಪಿಸ್ತೂಲು ಬಿಚ್ಚುವಾಗ ಟ್ರಿಗರ್ ಒತ್ತಲೇಬೇಕು, ಅದಕ್ಕೇ ಇಷ್ಟು ಒತ್ತಿ ಹೇಳೋದು. ಗುಂಡಿನ ಡಬ್ಬಿ ಆ ಕೋಣೆಯಲ್ಲೇ ಇರಬಾರದು.

ಎಣ್ಣೆ: ಸ್ಲೈಡಿನ ಹಳಿಗೆ ಒಂದೊಂದು ಹನಿ, ನಳಿಗೆಯ ಮೇಲ್ಭಾಗ ಸ್ಲೈಡಿಗೆ ಉಜ್ಜೋ ಜಾಗಕ್ಕೆ ಒಂದು, ನಳಿಗೆ ಕೆಳಗೆ ಲಾಕ್ ಆಗೋ ಗುಬುಟಿಗೆ ಒಂದು. ಅಷ್ಟೇ. ಸ್ಟ್ರೈಕರ್ (ಗುಂಡಿನ ತಳಕ್ಕೆ ಬಡಿಯೋ ಮೊಳೆ) ಓಡೋ ಕೊಳವೆಗೆ ಎಣ್ಣೆ ಬಿಡಬೇಡಿ. ಅಲ್ಲಿ ಎಣ್ಣೆ, ಹಿತ್ತಾಳೆ ಪುಡಿ ಸೇರಿ ಕೆಸರಾದರೆ ಪೆಟ್ಟು ಮೆತ್ತಗಾಗುತ್ತೆ.

ಮ್ಯಾಗಜೀನಿನ ತಳಕ್ಕೆ 1, 2, 3 ಅಂತ ಪೇಂಟ್ ಪೆನ್ನಲ್ಲಿ ಬರೀರಿ.

ಮೊದಲ 200: 115 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಹಿತ್ತಾಳೆ ಕೇಸಿನ ಎಫ್‌ಎಂಜೆ (ಸೀಸದ ಮೇಲೆ ಲೋಹದ ಹೊದಿಕೆ ಇರೋ ಮಾಮೂಲಿ ಗುಂಡು), ಹೆಸರಿರೋ ಕಂಪನಿಯದ್ದು. ಮೂರೂ ಮ್ಯಾಗಜೀನಿನಲ್ಲಿ ಸಮಸಮ. ಹೊಸ ಸ್ಪ್ರಿಂಗ್ ಗಟ್ಟಿ ಇರುತ್ತೆ, ಕೊನೆಯ ಎರಡು ಗುಂಡು ಹಾಕೋಕೆ ಹೆಬ್ಬೆರಳು ಕಿತ್ತು ಬರುತ್ತೆ, 25–30 ಡಾಲರಿನ ಲೋಡರ್ ತಗೊಂಡರೆ ಕೈ ಉಳಿಯುತ್ತೆ.

ಆಮೇಲೆ ತೊಳೀಬೇಡಿ. ಅದೇ ಕೊಳೆಯಲ್ಲಿ ಇನ್ನೊಂದು 100, ಬೇರೆ ಕಂಪನಿಯ 124 ಗ್ರೇನಿನದ್ದು. ಕೊನೆಗೆ ಮನೆಗೆ ಅಂತ ಇಟ್ಟುಕೊಳ್ಳೋ ಹಾಲೋ ಪಾಯಿಂಟ್ (ಮೂತಿಯಲ್ಲಿ ತೂತಿದ್ದು, ಒಳಹೊಕ್ಕ ಮೇಲೆ ಅರಳೋ ಗುಂಡು), ಕಡಿಮೆ ಅಂದರೂ 100. ಇದೇ ದುಬಾರಿ ಭಾಗ, ಎಲ್ಲರೂ ಇಲ್ಲೇ ಕಳ್ಳಾಟ ಆಡೋದು. ಹಾಲೋ ಪಾಯಿಂಟಿನ ಮೂತಿ ಅಗಲ, ಉಂಡೆ ಮೂತಿಯ ಗುಂಡು ಚೇಂಬರಿಗೆ ಜಾರಿಕೊಂಡು ಹೋದ ಇಳಿಜಾರಿನಲ್ಲಿ ಇದು ಮುಗ್ಗರಿಸಬಹುದು. ಎಫ್‌ಎಂಜೆ 500 ಹಾರಿಸಿ ಪಾಸಾದ ಪಿಸ್ತೂಲು ಹಾಲೋ ಪಾಯಿಂಟಿನ ಬಗ್ಗೆ ಏನನ್ನೂ ಸಾಬೀತು ಮಾಡಿಲ್ಲ.

ಸೊಪ್ಪಿನ ಸಾರು:
ರಾಯರೇ, ಒಂದು ಅನುಮಾನ. ಪರೀಕ್ಷೆ ಮಧ್ಯ ಸಿಕ್ಕಿಹಾಕಿಕೊಂಡರೆ ಪಿಸ್ತೂಲಿನ ತಪ್ಪಾ, ಹಾರಿಸೋರ ತಪ್ಪಾ ಅಂತ ಗೊತ್ತಾಗೋದು ಹೇಗೆ?

ರೇಂಜ್ ರಾಯ:
ಒಳ್ಳೇ ಪ್ರಶ್ನೆ ಮೇಡಂ. ಕೈ ಹಾಕಿ ಸರಿ ಮಾಡೋ ಮೊದಲು ಎರಡು ಸೆಕೆಂಡ್ ನೋಡಿ. ಮೂತಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗೆ. ಏನು ಕಾಣುತ್ತೆ ಅನ್ನೋದರ ಮೇಲೆ ಕಾರಣ ಹಿಡಿಯಬಹುದು.

ಖಾಲಿ ಕೇಸು ಹೊರಗೆ ಹಾರದೆ ಸ್ಲೈಡಿನ ಕಿಟಕಿಯಲ್ಲಿ ಹೊಗೆ ಕೊಳವೆ ತರ ನೆಟ್ಟಗೆ ನಿಂತಿದ್ದರೆ: ಮೊದಲ ಅನುಮಾನ ಮಣಿಕಟ್ಟಿನ ಮೇಲೆ. ಕೈ ಸಡಿಲ ಬಿಟ್ಟರೆ ಸ್ಲೈಡಿನ ಜೊತೆ ಇಡೀ ಪಿಸ್ತೂಲೇ ಹಿಂದಕ್ಕೆ ಹೋಗುತ್ತೆ, ಸ್ಲೈಡಿಗೆ ಪೂರ್ತಿ ಓಟ ಸಿಗಲ್ಲ. ಹಗುರ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಇದು ಜಾಸ್ತಿ. ಪಳಗಿದ ಇನ್ನೊಬ್ಬರಿಗೆ ಕೊಟ್ಟು ಅದೇ ಮ್ಯಾಗಜೀನು, ಅದೇ ಡಬ್ಬಿಯ ಗುಂಡು ಹಾರಿಸಿ. ಅವರಿಗೂ ಬಂದರೆ ಗುಂಡಿನ ಕಂಪನಿ ಬದಲಾಯಿಸಿ. ಆಗಲೂ ಬಂದರೆ ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನ ಹೊರಗೆಳೆಯೋ ಕೊಕ್ಕೆ).

ಗುಂಡಿನ ಮೂತಿ ಕೆಳಗೆ ಕುತ್ತಿ ನಿಂತಿದ್ದರೆ: ಮ್ಯಾಗಜೀನಿನ ನಂಬರ್ ನೋಡಿ. ಮೂರು ಸಲವೂ ನಂಬರ್ 2ರಲ್ಲೇ ಆಗಿದ್ದರೆ ಅದನ್ನ ಬದಿಗಿಡಿ, ಪಿಸ್ತೂಲು ನಿರಪರಾಧಿ.

ಟಕ್ ಅಂತು, ಸಿಡಿಯಲಿಲ್ಲ ಅಂದರೆ: ತಟ್ಟಿ ಎಳೆಯೋ ರೂಢಿ ಬೇರೆ, ಈ ಪರೀಕ್ಷೆಯಲ್ಲಿ ಮಾತ್ರ ಮೂತಿ ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯೋದೂ ಉಂಟು. ಆಮೇಲೆ ಗುಂಡು ತೆಗೆದು ಪ್ರೈಮರಿನ (ಗುಂಡಿನ ತಳದಲ್ಲಿ ಕಿಡಿ ಹೊತ್ತಿಸೋ ಬಿಲ್ಲೆ) ಗುಳಿ ನೋಡಿ. ಆಳವಾಗಿದ್ದರೆ ಗುಂಡೇ ಸರಿಯಿಲ್ಲ. ಚಿಟಿಕೆಯಷ್ಟು ಗುಳಿ ಮಾತ್ರ ಇದ್ದರೆ ಸ್ಟ್ರೈಕರ್ ಕೊಳವೆ ಕೊಳಕಾಗಿದೆ, ಇಲ್ಲವೇ ಸ್ಲೈಡು ಪೂರ್ತಿ ಮುಂದೆ ಬಂದು ಕೂತಿಲ್ಲ.

ಕೊನೇ ಗುಂಡಾದ ಮೇಲೆ ಸ್ಲೈಡು ಹಿಂದೆ ನಿಲ್ಲಲಿಲ್ಲ ಅಂದರೆ: ಹತ್ತಕ್ಕೆ ಎಂಟು ಸಲ ನಿಮ್ಮ ಹೆಬ್ಬೆರಳು ಸ್ಲೈಡ್ ಸ್ಟಾಪಿನ ಮೇಲೆ ಕೂತಿರುತ್ತೆ. ಕಂಪನಿಗೆ ದೂರು ಬರೆಯೋ ಮೊದಲು ಯಾರಿಂದಾದರೂ ಪಕ್ಕದಿಂದ ವಿಡಿಯೋ ಮಾಡಿಸಿ.

ಇನ್ನು ಎಲ್ಲಕ್ಕಿಂತ ಅಪಾಯದ್ದು. ಢಂ ಅನ್ನೋ ಬದಲು ಪುಸ್ ಅಂದರೆ, ಕೈಗೆ ಒದೆತ ಬರಲಿಲ್ಲ ಅಂದರೆ, ನಿಲ್ಲಿಸಿ. ಅಲ್ಲಿ ಸ್ಲೈಡ್ ಎಳೆದು ಮುಂದಿನದು ಹಾರಿಸೋ ರೂಢಿ ಬೇಡ. ಮದ್ದು ಕಡಿಮೆಯಾಗಿ ಗುಂಡು ನಳಿಗೆಯ ಮಧ್ಯದಲ್ಲೇ ಕೂತಿರಬಹುದು. ಅದರ ಹಿಂದೆ ಇನ್ನೊಂದು ಬಿಟ್ಟರೆ ನಳಿಗೆ ಉಬ್ಬುತ್ತೆ ಅಥವಾ ಸೀಳುತ್ತೆ. ಖಾಲಿ ಮಾಡಿ, ಬಿಚ್ಚಿ, ನಳಿಗೆಯ ಹಿಂಬದಿಯಿಂದ ಬೆಳಕು ಕಾಣುತ್ತಾ ನೋಡಿ. ಮನೆಯಲ್ಲಿ ತುಂಬಿದ ಗುಂಡು, ರೇಂಜಿನಲ್ಲಿ ಪಾಲಿಥೀನ್ ಕವರಲ್ಲಿ ಮಾರೋ ಮರುತುಂಬಿದ ಗುಂಡು ಬಿಟ್ಟುಬಿಡಿ. ವಾರಂಟಿಯೂ ಹೋಗುತ್ತೆ.

ಬಜ್ಪೆ ಬಾಯ್:
ಇಷ್ಟೆಲ್ಲ ತಲೆನೋವು ಬೇಡ ಅಂತಲೇ ಗ್ಲಾಕ್ ಹೇಳಿದ್ದು ನಾನು. ಟಾರಸ್ ಮೇಲೆ ಕೋರ್ಟು ಕೇಸೇ ಆಗಿತ್ತು ಅಲ್ವಾ, ಬಿದ್ದರೆ ಸಿಡಿಯುತ್ತೆ ಅಂತ?

ಕಾಫಿಪುಡಿ:
ಆಗಿತ್ತು. ಫ್ಲೋರಿಡಾದ ಫೆಡರಲ್ ಕೋರ್ಟಿನಲ್ಲಿ, 2016ರ ಹೊತ್ತಿಗೆ ರಾಜಿಯಾಯ್ತು. ಪಿಟಿ-111 ಮಿಲೆನಿಯಂ, ಪಿಟಿ-140, 24/7 ತರದ ಹಳೇ ಮಾದರಿಗಳ ವಿಷಯ ಅದು, ಜಿ3ಸಿ ಬಂದದ್ದೇ 2020ರಲ್ಲಿ. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ಪರಿಹಾರ ಕೊಡ್ತು.

ಆದರೆ ದುಬಾರಿಯವರು ಹೊರತಲ್ಲ. ರೂಗರ್ 2008ರಲ್ಲಿ ಎಸ್‌ಆರ್9 ಅನ್ನ ಇದೇ ಕಾರಣಕ್ಕೆ ವಾಪಸ್ ಕರೆಸಿತ್ತು. ಸಿಗ್ ಸಾವರ್ 2017ರಲ್ಲಿ ಪಿ320ಗೆ ಸ್ವಯಂಪ್ರೇರಿತ ಅಪ್‌ಗ್ರೇಡ್ ಅಂತ ಘೋಷಿಸಿತು, ಅದು ಇವುಗಳ ಎರಡು ಪಟ್ಟು ಬೆಲೆಯದು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಸೀರಿಯಲ್ ನಂಬರ್ ಹಿಡಿದು ಕಂಪನಿಗೆ ಫೋನ್ ಮಾಡಿ ರಿಕಾಲ್ ಇದೆಯಾ ಕೇಳಿ. ಐದು ನಿಮಿಷದ ಕೆಲಸ.

ಧಾರವಾಡ ಫೇಡಾ:
ಸೆಕೆಂಡ್ ಹ್ಯಾಂಡ್ ಅಂದಕೂಡಲೆ ನೆನಪಾತು. ಪೊಲೀಸರು ಬಳಸಿ ಬಿಟ್ಟದ್ದು ಯಾಕ ನೋಡವಲ್ರಿ? ಎಫ್‌ಬಿಐದವರು ತಿರುಗಿ 9 ಎಂಎಂಗೆ ಬಂದ ಮ್ಯಾಲೆ ಭಾಳ ಇಲಾಖೆಗಳು .40ರ ಪಿಸ್ತೂಲು ಮಾರಿಬಿಟ್ಟಾವ. ಗ್ಲಾಕ್ 22 ನಿಮ್ಮ ಬಜೆಟ್‌ನ್ಯಾಗ ಸಿಗತದ.

ರೇಂಜ್ ರಾಯ:
ಸಿಗುತ್ತೆ, ಆದರೆ .40 ಗುಂಡು 9 ಎಂಎಂಗಿಂತ ದುಬಾರಿ, ಒದೆತವೂ ಜಾಸ್ತಿ. ನಿಮ್ಮದೇ ಮೇವಿನ ಲೆಕ್ಕ ಹಾಕಿ ನೋಡಿ. 9 ಎಂಎಂ ಟ್ರೇಡ್-ಇನ್ (ಪೊಲೀಸರು ಬಳಸಿ ಬಿಟ್ಟದ್ದು) ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಬಹುದು. ಕವಚ ಸವೆದಿರುತ್ತೆ, ಒಳಗೆ ಬಹುಪಾಲು ಹೊಸದೇ; ಪೊಲೀಸರ ಪಿಸ್ತೂಲು ಹೋಲ್‌ಸ್ಟರಿನಲ್ಲಿ ಕೂತದ್ದೇ ಜಾಸ್ತಿ. ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನ ಮತ್ತೆ ಮುಂದಕ್ಕೆ ತಳ್ಳೋದು) ಹೊಸದು ಹಾಕಿ. ಕತ್ತಲಲ್ಲಿ ಹೊಳೆಯೋ ಸೈಟ್ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಅದು ಟ್ರಿಶಿಯಂ, ಅರ್ಧಾಯುಷ್ಯ 12.3 ವರ್ಷ. ಟ್ರೇಡ್-ಇನ್ ಆಗೋ ಹೊತ್ತಿಗೆ ಮಿಣುಕುಹುಳದಷ್ಟೂ ಉಳಿದಿರಲ್ಲ.

ಎಚ್‌ಒನ್‌ಬಿ ಹೈದ:
ನಾನೂ ಇದೇ ಯೋಚನೆಯಲ್ಲಿದ್ದೆ. ಎಚ್-1ಬಿ ಮೇಲಿರೋರು ಕೊಳ್ಳಬಹುದಾ? ಇಲ್ಲಾಂದ್ರೆ ಗ್ರೀನ್ ಕಾರ್ಡ್ ಇರೋ ಸ್ನೇಹಿತನ ಹೆಸರಲ್ಲಿ ತಗೊಂಡ್ರೆ ನಡಿಯುತ್ತಾ?

ಬಜ್ಪೆ ಬಾಯ್:
ಟೆಕ್ಸಸಲ್ಲಿ ಎಂತ ಕೇಳ್ತಾರೆ, ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಆಯ್ತು.

ಎಡಿಸನ್ ಎಕ್ಸ್‌ಪ್ರೆಸ್:
ಬಜ್ಪೆಯವರೇ, ಇಂಥ ಮಾತು ಬರೀಬೇಡಿ, ಯಾರಾದರೂ ನಂಬಿಬಿಟ್ಟಾರು. ಇದು ರಾಜ್ಯದ ಕಾನೂನಲ್ಲ, ಫೆಡರಲ್. ಅಂಗಡಿಯಲ್ಲಿ ತುಂಬೋ 4473 ಫಾರಂ ವೀಸಾ ಸ್ಥಿತಿ ನೇರವಾಗಿ ಕೇಳುತ್ತೆ. ವಲಸೆಯೇತರ ವೀಸಾದವರು, ಅಂದರೆ ಎಚ್-1ಬಿ, ಎಚ್-4, ಎಫ್-1, ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳೋ ಹಾಗಿಲ್ಲ. ಇರೋ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಅನ್ವಯಿಸೋದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರೋ ಬೇಟೆ ಪರವಾನಗಿ. ಅದು ಮುಗಿದ ದಿನ ವಿನಾಯಿತಿಯೂ ಮುಗೀತು.

ರೇಂಜಿನಲ್ಲಿ ಬಾಡಿಗೆಗೆ ಹಿಡಿಯೋದೂ ಇದೇ ಲೆಕ್ಕಕ್ಕೆ ಬರುತ್ತೆ. ಆಫೀಸಿನವರು ಒಟ್ಟಾಗಿ ಹೋಗಿ ಫೋಟೋ ಹಾಕ್ತಾರಲ್ಲ, ಅದರಲ್ಲಿ ಎಷ್ಟು ಜನ ಎಚ್-1ಬಿ ಅಂತ ಯಾರೂ ಯೋಚಿಸಿರಲ್ಲ.

ಸ್ನೇಹಿತನ ಹೆಸರಲ್ಲಿ ಅನ್ನೋದನ್ನಂತೂ ತಲೆಯಿಂದ ತೆಗೆದುಹಾಕಿ. ಅದಕ್ಕೆ ಸ್ಟ್ರಾ ಪರ್ಚೇಸ್ ಅಂತಾರೆ. 2022ರ ಕಾನೂನಿನ ಪ್ರಕಾರ 15 ವರ್ಷದವರೆಗೆ ಸಜೆ. ಸ್ನೇಹಿತನ ಗ್ರೀನ್ ಕಾರ್ಡೂ ಹೋಗುತ್ತೆ, ನಿಮ್ಮ ವೀಸಾವೂ ಹೋಗುತ್ತೆ. ವಿನಾಯಿತಿ ಬಳಸೋದಾದರೂ ಮೊದಲು ವಲಸೆ ವಕೀಲರನ್ನ ಕೇಳಿ.

ಎಚ್‌ಒನ್‌ಬಿ ಹೈದ:
ಅಯ್ಯೋ, ಒಳ್ಳೇ ಟೈಮಿಗೆ ಹೇಳಿದ್ರಿ. ಥ್ಯಾಂಕ್ಸ್.

ಎಡಿಸನ್ ಎಕ್ಸ್‌ಪ್ರೆಸ್:
ಬೇರೆ ರಾಜ್ಯದವರು ಈ ಚರ್ಚೆ ಓದ್ತಿದ್ದರೆ: ನ್ಯೂ ಜೆರ್ಸಿಯಲ್ಲಿ ಪ್ರತಿ ಪಿಸ್ತೂಲಿಗೂ ಬೇರೆ ಪರ್ಮಿಟ್ ಬೇಕು, ಮ್ಯಾಗಜೀನು 10ಕ್ಕಿಂತ ಜಾಸ್ತಿ ಹಿಡಿಯೋ ಹಾಗಿಲ್ಲ. ಹಾಲೋ ಪಾಯಿಂಟನ್ನ ಎಲ್ಲೆಲ್ಲಿ ಒಯ್ಯಬಹುದು ಅನ್ನೋದಕ್ಕೂ ನಿಯಮ ಇದೆ. ಇಲಿನಾಯ್ಸಲ್ಲಿ ಫಾಯ್ಡ್ ಕಾರ್ಡ್ (ಬಂದೂಕು ಇಟ್ಟುಕೊಳ್ಳೋರ ಗುರುತಿನ ಚೀಟಿ) ಬೇಕು. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಪಿಸ್ತೂಲನ್ನ ಅಂಗಡಿಯವರು ಹೊಸದಾಗಿ ಮಾರೋ ಹಾಗಿಲ್ಲ.

ಮಡಿಕೇರಿ ಮಂಜು:
ಇಲ್ಲಿ ಕೂತು ಓದ್ತಾ ಇದ್ದೀನಿ, ನಗು ಬರ್ತಿದೆ. ನಿಮಗೆ 300 ಡಾಲರಿಗೆ ಮೂರು ಆಯ್ಕೆ. ಇಲ್ಲಿ 9 ಎಂಎಂ ನಾಗರಿಕರಿಗೆ ನಿಷಿದ್ಧ ಬೋರು, ಪಿಸ್ತೂಲು ಅಂದರೆ .32. ಬೆಲೆ ಕೇಳಬೇಡಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲಾ, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದ್ದಾರೆ. ಕೈಲ್‌ಪೊಳ್ದಿಗೆ (ನಮ್ಮ ಆಯುಧ ಪೂಜೆಯ ಹಬ್ಬ) ತೋಕಿಗೆ (ಕೋವಿಗೆ) ಹೂ ಏರಿಸಿ ಪೂಜೆ ಮಾಡ್ತೀವಿ, ನೀವು ಅದರ ತಳಕ್ಕೆ ನಂಬರ್ ಬರೀತೀರಿ.

ಸೊಪ್ಪಿನ ಸಾರು:
ಮಂಜು ಅವರೇ, ಟ್ರಿಗರಿಗೆ ನಮ್ಮ ಕಡೆ ಕುದುರೆ ಅಂತಿದ್ದರು ಅಲ್ವಾ? ಕೋವಿಯ ಕುದುರೆ.

ಮಡಿಕೇರಿ ಮಂಜು:
ಹೌದು ಹೌದು. ಕುದುರೆ ಎಳೆಯೋದು. ನಳಿಗೆ, ಕುದುರೆ, ತೋಟೆ. ರಾಯರು ನಳಿಗೆ ಅಂತ ಬರೆದದ್ದು ನೋಡಿ ಖುಷಿ ಆಯ್ತು.

ರೇಂಜ್ ರಾಯ:
ಸ್ಲೈಡಿಗೊಂದು ಹೆಸರು ಕೊಡಿ, ಅದನ್ನೂ ಬಳಸ್ತೀನಿ.

ಧಾರವಾಡ ಫೇಡಾ:
ಜಾರುಗಂಬ :)

ಪ್ಲೇನೋ ಪರದೇಸಿ:
ವಿಷಯಕ್ಕೆ ಬರೋಣ ದಯವಿಟ್ಟು. ಗುರಿ ಪರೀಕ್ಷೆ ಹೇಗೆ? ನಿನ್ನೆ ಬಾಡಿಗೆ ಪಿಸ್ತೂಲಲ್ಲಿ ಎಲ್ಲಾ ಗುಂಡೂ ಎಡಕ್ಕೆ, ಕೆಳಕ್ಕೆ ಹೋಗ್ತಿತ್ತು. ಸೈಟು ಸರಿಯಿಲ್ವಾ?

ಕಾಫಿಪುಡಿ:
ಬಲಗೈಯವರಾ? ಹಾಗಿದ್ದರೆ ಸೈಟು ಮುಟ್ಟಬೇಡಿ. ಬಲಗೈಯವರಿಗೆ ಎಡಕ್ಕೆ-ಕೆಳಕ್ಕೆ ಅಂದರೆ ಸದ್ದು ಬರೋ ಮೊದಲೇ ಕೈ ಹೆದರಿ ಬಿಗಿಯಾಗ್ತಿದೆ ಅಂತ. ಒಂದು ಮ್ಯಾಗಜೀನಿನಲ್ಲಿ ಸುಳ್ಳುಗುಂಡು (ಪ್ಲಾಸ್ಟಿಕ್ಕಿನ ಸ್ನ್ಯಾಪ್ ಕ್ಯಾಪ್) ಎರಡು ಮೂರನ್ನ ನಿಜದ ಗುಂಡಿನ ಮಧ್ಯ ಬೆರೆಸಿ ಇನ್ನೊಬ್ಬರಿಂದ ತುಂಬಿಸಿ. ಸುಳ್ಳುಗುಂಡು ಬಂದಾಗ ಮೂತಿ ಕುಸಿಯೋದು ನಿಮ್ಮ ಕಣ್ಣಿಗೇ ಕಾಣುತ್ತೆ. ಅದನ್ನ ನೋಡಿದವರು ಮತ್ತೆ ಸೈಟನ್ನ ಬಯ್ಯಲ್ಲ.

ಪಿಸ್ತೂಲಿನ ನಿಖರತೆ ನೋಡಬೇಕಂದರೆ ಮರಳಿನ ಚೀಲದ ಮೇಲೆ ಕೈ ಇಟ್ಟು, 15 ಗಜದಲ್ಲಿ ಐದೈದು ಗುಂಡು. ಮೂರು ನಾಲ್ಕು ಇಂಚಿನೊಳಗೆ ಕೂತರೆ ಈ ಬೆಲೆಗೆ ಧಾರಾಳ. ನಿಂತುಕೊಂಡು 7 ಗಜದಲ್ಲಿ 3×5 ಇಂಚಿನ ಕಾರ್ಡಿನೊಳಗೆ ಐದೂ ಬೀಳೋದನ್ನ ಗುರಿ ಇಟ್ಟುಕೊಳ್ಳಿ. ಚೀಲದ ಮೇಲೂ ಗುಂಪು ಒಂದೇ ಪಕ್ಕಕ್ಕೆ ಹೋದರೆ ಆಗ ಹಿಂದಿನ ಸೈಟನ್ನ, ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೆ ಸರಿಸಿ.

ಸೊಪ್ಪಿನ ಸಾರು:
ಅಪಾರ್ಟ್‌ಮೆಂಟಲ್ಲಿ ಇರೋರು ಗೋಡೆ ಯೋಚನೆ ಮಾಡಬೇಕಲ್ವಾ? ಇಲ್ಲಿನ ಗೋಡೆ ನಮ್ಮೂರಿನ ಇಟ್ಟಿಗೆ ಗೋಡೆ ಅಲ್ಲ.

ರೇಂಜ್ ರಾಯ:
ಮಾಡಲೇಬೇಕು. ಇಲ್ಲಿನ ಒಳಗೋಡೆ ಅಂದರೆ ಅರ್ಧ ಇಂಚಿನ ಜಿಪ್ಸಂ ಹಲಗೆ ಎರಡು, ಮಧ್ಯ ಗಾಳಿ. ರೇಂಜಿನ ಎಫ್‌ಎಂಜೆ ಅಂಥ ಹಲವು ಗೋಡೆ ದಾಟುತ್ತೆ. ಹಾಲೋ ಪಾಯಿಂಟೂ ಗೋಡೆ ದಾಟುತ್ತೆ, ಅದೇನು ಮಂತ್ರದ ಗುಂಡಲ್ಲ. ಮೂತಿಯ ತೂತಿಗೆ ಜಿಪ್ಸಂ ಪುಡಿ ತುಂಬಿಕೊಂಡರೆ ಅರಳೋದೇ ಇಲ್ಲ. ಎಫ್‌ಬಿಐ ಮಾನದಂಡದಲ್ಲಿ ಪರೀಕ್ಷೆಗೆ ಬಳಸೋ ಜೆಲ್ ಒಳಗೆ 12ರಿಂದ 18 ಇಂಚು ಹೋಗಿ ನಿಲ್ಲಬೇಕು ಅಂತಿದೆ, ಅದಕ್ಕೆ ಸರಿಹೊಂದೋ ಗುಂಡು ತಗೊಳ್ಳಿ. ಅದಕ್ಕಿಂತ ಮುಖ್ಯ, ಮನೆಯ ನಕ್ಷೆ ಹಾಕಿ, ಮಕ್ಕಳು ಮಲಗೋ ಕೋಣೆ, ಪಕ್ಕದ ಮನೆಯವರ ಕೋಣೆ ಯಾವ ದಿಕ್ಕಿಗಿದೆ ಅಂತ ಗುರುತು ಹಾಕಿ. ಯಾವ ದಿಕ್ಕಿಗೆ ಹಾರಿಸಲೇಬಾರದು ಅನ್ನೋದು ಹಗಲಲ್ಲೇ ತೀರ್ಮಾನ ಆಗಿರಬೇಕು.

ಮಕ್ಕಳ ಮಾತು ಬಂತು: ಟೆಕ್ಸಸ್ಸಲ್ಲಿ 17ರೊಳಗಿನ ಮಕ್ಕಳ ಕೈಗೆ ಸಿಗೋ ಹಾಗೆ ತುಂಬಿದ ಬಂದೂಕು ಬಿಟ್ಟು, ಅದು ಅವರ ಕೈಸೇರಿದರೆ ಅಪರಾಧ. ಡಬ್ಬಿಯ ಜೊತೆ ಬರೋ ಕೇಬಲ್ ಲಾಕ್ ಸಾಗಣೆಗೆ ಸರಿ, ಮನೆಗೆ ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿದ ಲಾಕ್ ಬಾಕ್ಸ್ ಬೇಕು. ಬೋಲ್ಟ್ ಹಾಕದ ಪೆಟ್ಟಿಗೆ ಕಳ್ಳನಿಗೆ ಹಿಡಿಕೆ ಸಮೇತ ಕೊಟ್ಟ ಹಾಗೆ.

ಗಣಿತದ ಮೇಷ್ಟ್ರು:
ಒಂದು ಸೇರಿಸ್ತೀನಿ. ರೇಂಜಿಗೆ ಹೋಗುವಾಗೆಲ್ಲ ಚೇಂಬರಿನ ಹಾಲೋ ಪಾಯಿಂಟ್ ತೆಗೆದು, ಬಂದ ಮೇಲೆ ಅದೇ ಗುಂಡನ್ನ ಮತ್ತೆ ಹಾಕೋರಿದ್ದಾರೆ. ಪ್ರತಿ ಸಲ ಇಳಿಜಾರಿಗೆ ಬಡಿದು ಗುಂಡು ಕೇಸಿನೊಳಗೆ ಚೂರು ಚೂರೇ ಇಳಿಯುತ್ತೆ. ಒಳಗಿನ ಜಾಗ ಕಡಿಮೆಯಾದಷ್ಟೂ ಒತ್ತಡ ಏರುತ್ತೆ, 9 ಎಂಎಂಗೆ ಗರಿಷ್ಠ ಮಿತಿ 35,000 ಪಿಎಸ್‌ಐ. ಹೊಸ ಗುಂಡಿನ ಪಕ್ಕ ಮೇಜಿನ ಮೇಲೆ ನಿಲ್ಲಿಸಿ ನೋಡಿ. ಗಿಡ್ಡ ಕಂಡರೆ ಬಳಸಬೇಡಿ.

ಸೊಪ್ಪಿನ ಸಾರು:
ಮತ್ತೆ ಸೀಸ. ಒಳಾಂಗಣ ರೇಂಜಿಂದ ಬಂದ ಬಟ್ಟೆಯಲ್ಲೇ ಮಗು ಎತ್ತಿಕೊಳ್ಳಬೇಡಿ. ಕೈ ತಣ್ಣೀರಲ್ಲಿ ಸೋಪು ಹಾಕಿ ತೊಳೀರಿ, ಶೂ ಬಾಗಿಲ ಹೊರಗೆ, ಬಟ್ಟೆ ಬೇರೆ ಒಗೀರಿ. ರೇಂಜಿನೊಳಗೆ ಚಿಪ್ಸ್ ತಿನ್ನೋದು ನಿಲ್ಲಿಸಿ.

ಎಡಿಸನ್ ಎಕ್ಸ್‌ಪ್ರೆಸ್:
ರೇಂಜಿಗೆ ಅಂತಲೇ ಒಂದು ಬ್ಯಾಗ್ ಇಡಿ, ಅದನ್ನ ಊರಿಗೆ ಹೋಗುವಾಗ ಯಾವ ಕಾರಣಕ್ಕೂ ತಗೊಂಡು ಹೋಗಬೇಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ಗುಂಡು ಭಾರತದ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ 1959ರ ಆಯುಧ ಕಾಯ್ದೆಯ 25ನೇ ಕಲಂನಲ್ಲಿ ಕೇಸು. ಗೊತ್ತಿಲ್ಲದೆ ಬಂದದ್ದು ಅಂತ ಹೈಕೋರ್ಟು ರದ್ದು ಮಾಡಿದ ಪ್ರಕರಣಗಳಿವೆ, ಆದರೆ ಅಷ್ಟರೊಳಗೆ ನಿಮ್ಮ ರಜೆ ಪೂರ್ತಿ ವಕೀಲರ ಆಫೀಸಿನಲ್ಲೇ ಕಳೆದಿರುತ್ತೆ.

ಪ್ಲೇನೋ ಪರದೇಸಿ:
ಎಲ್ಲರಿಗೂ ಧನ್ಯವಾದ. ಜಿ3ಸಿ ಪಟ್ಟಿಯಿಂದ ಬಿಟ್ಟೆ, ಓಡಾಡೋಕೆ ಬೇಕಾದಾಗ ನೋಡ್ತೀನಿ. ಹೆಂಡತಿಗೂ ಸ್ಲೈಡ್ ಎಳೆಯೋಕೆ ಆಗಬೇಕು, ಹಾಗಾಗಿ ಶನಿವಾರ ಇಬ್ಬರೂ ಹೋಗಿ ಸೆಕ್ಯುರಿಟಿ-9, ಎಸ್‌ಡಿ9 2.0 ಎರಡನ್ನೂ ಬಾಡಿಗೆಗೆ ತಗೊಂಡು ನೋಡ್ತೀವಿ. ರಾಯರೇ, ಎರಡೇ ಮ್ಯಾಗಜೀನ್ ಬಂದರೆ ಮೂರನೇದು ಕಂಪನಿಯದ್ದೇ ತಗೋಬೇಕಾ, ಅಗ್ಗದ್ದು ಆಗುತ್ತಾ?

ರೇಂಜ್ ರಾಯ:
ಕಂಪನಿಯದ್ದೇ. ಬೇರೆಯವರದ್ದರಲ್ಲಿ ಹತ್ತು ಡಾಲರ್ ಉಳಿಸೋಕೆ ಹೋದರೆ ಮತ್ತೆ 100 ಗುಂಡಿನ ಪರೀಕ್ಷೆ ಮಾಡಬೇಕು.

ಧಾರವಾಡ ಫೇಡಾ:
ಹತ್ತು ಡಾಲರ್ ಉಳಿಸಾಕ 25 ಡಾಲರಿನ ಗುಂಡು. ಚಲೋ ವ್ಯಾಪಾರ.

ಬಜ್ಪೆ ಬಾಯ್:
ಗ್ಲಾಕಿಗೆ ಮೂರು ಕೊಡ್ತಾರೆ ಮಾರಾಯ್ರೆ.